ಐದು ದೋಷದ ವ್ಯಾನಿಗೆ ಸಿಕ್ಕ ಅರ್ಹತಾ ಪತ್ರ

ಹೇಳಿಕೆ ಕೊಡುವವನ ಹೆಸರು ಕೆ. ಪಿ. ಮೊಣ್ಣಯ್ಯ. ತಂದೆ ದಿವಂಗತ ಪೊನ್ನಣ್ಣ. ವಯಸ್ಸು ಐವತ್ತಾರು ವರ್ಷ. ಕಸುಬು ಶಾಲಾ ವ್ಯಾನ್ ಓಡಿಸುವುದು. ಅದಕ್ಕೆ ಮೊದಲು ಭೂಸೇನೆಯ ಇ.ಎಂ.ಇ. ದಳದಲ್ಲಿ ಇಪ್ಪತ್ತೆಂಟು ವರ್ಷ ಗಾಡಿ ರಿಪೇರಿ ಕೆಲಸ, ನಿವೃತ್ತಿಯ ಹೊತ್ತಿಗೆ ಸುಬೇದಾರ್. ಸ್ವಂತ ಊರು ಕೊಡಗಿನ ವಿರಾಜಪೇಟೆ ತಾಲ್ಲೂಕು. ಸದ್ಯದ ವಾಸ ಫರೀದಾಬಾದಿನ ಕೇಂದ್ರ ಸರ್ಕಾರಿ ನೌಕರರ ವಸತಿಗೃಹ, ನೆಲಮಹಡಿ. ಮನೆ ನನ್ನ ಹೆಂಡತಿ ಬೋಜಮ್ಮನ ಹೆಸರಿಗೆ ಮಂಜೂರಾಗಿದೆ, ಆಕೆ ಸರ್ಕಾರಿ ದವಾಖಾನೆಯಲ್ಲಿ ನರ್ಸ್.

ಯಾರೂ ಹೆದರಿಸದೆ, ಯಾರೂ ಹೇಳಿಕೊಡದೆ, ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ಮುಂದಿಡುವ ಸಂಗತಿಗಳು ಹೀಗಿವೆ.

ತನಿಖೆ ನಡೆಸುತ್ತಿರುವ ಎ.ಎಸ್.ಐ. ಧರಮ್‌ಬೀರ್ ಅವರು ಹಿಂದಿಯಲ್ಲಿ ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದರು. ನನಗೆ ಹಿಂದಿ ಬರುತ್ತದೆ. ಆದರೆ ಅದು ವರ್ಕ್‌ಶಾಪಿನ ಹಿಂದಿ, ನ್ಯಾಯಾಲಯದ ಮುಂದೆ ನಿಲ್ಲುವಂಥದ್ದಲ್ಲ. ನಾನು ಅಕ್ಷರ ಕಲಿತದ್ದು ಕನ್ನಡದಲ್ಲಿ, ಕನ್ನಡದಲ್ಲೇ ನನ್ನ ಕೈಯಿಂದ ಬರೆಯುತ್ತೇನೆ ಎಂದು ಹಟ ಹಿಡಿದೆ. ಇನ್ನೊಂದು ಕಾರಣವೂ ಇದೆ. ಪ್ರಕರಣದ ದೂರುದಾರರಾದ ದೇವೇಂದ್ರಪ್ಪನವರು ದಾವಣಗೆರೆ ಕಡೆಯವರು, ದಿಲ್ಲಿಯ ಒಂದು ಸಚಿವಾಲಯದಲ್ಲಿ ಗುಮಾಸ್ತರು. ಈ ಹೇಳಿಕೆಯನ್ನು ಅವರು ತಾವೇ ಓದಬೇಕು, ಇನ್ನೊಬ್ಬರ ಬಾಯಿಂದ ಕೇಳಬಾರದು ಎಂಬುದು ನನ್ನ ಆಸೆ. ಧರಮ್‌ಬೀರ್ ಅವರು ಠಾಣಾಧಿಕಾರಿಯನ್ನು ಕೇಳಿ ಬಂದು ಒಪ್ಪಿದರು. ಹಿಂದಿಗೆ ಅನುವಾದ ಮಾಡಲು ನಮ್ಮ ವಸತಿಗೃಹದ ನಿವೃತ್ತ ಸೆಕ್ಷನ್ ಆಫೀಸರ್ ದಕ್ಷಿಣಾಮೂರ್ತಿಯವರು ಪಕ್ಕದಲ್ಲಿ ಕುಳಿತಿದ್ದಾರೆ. ಸಿಟ್ಟಿನ ಮಾತು ಬರೆಯಬೇಡಿ, ಸರ್ಕಾರಿ ಕಾಗದ ಇದು ಎಂದು ಈಗಾಗಲೇ ಎರಡು ಸಲ ಹೇಳಿದ್ದಾರೆ. ಸಿಟ್ಟು ಇರುವುದು ನಿಜ, ಇರುವುದನ್ನು ಬರೆಯುತ್ತೇನೆ.

2006ನೇ ಇಸವಿ ಜುಲೈ 18, ಮಂಗಳವಾರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಏಕನಾಥ ಎಂಬವನು ಓಡಿಸುತ್ತಿದ್ದ ಶಾಲಾ ವ್ಯಾನ್ ಚೌಕದ ಬಳಿ ಬ್ರೇಕ್ ಹಿಡಿಯದೆ ಮುಂದೆ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ಗುದ್ದಿತು. ಒಳಗೆ ಏಳು ಮಕ್ಕಳಿದ್ದರು. ಆರು ಮಂದಿಗೆ ತರಚು ಗಾಯ. ಮುಂದಿನ ಸೀಟಿನಲ್ಲಿದ್ದ ದೇವೇಂದ್ರಪ್ಪನವರ ಮಗಳು ಅಮೂಲ್ಯ, ವಯಸ್ಸು ಒಂಬತ್ತು, ಅವಳ ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಏಕನಾಥ ಬೀದರ್ ಜಿಲ್ಲೆಯವನು, ವಯಸ್ಸು ಮೂವತ್ತಮೂರು. ಅವನಿಗೆ ವ್ಯಾನ್ ಕೆಲಸ ಕಲಿಸಿದವನು ನಾನು. ಅವನು ನನ್ನನ್ನು ಉಸ್ತಾದ್‌ಜಿ ಎಂದು ಕರೆಯುತ್ತಾನೆ.

ಪೊಲೀಸರು ಆ ವ್ಯಾನನ್ನು ಪರೀಕ್ಷೆ ಮಾಡಿಸಿದಾಗ ಮುಂದಿನ ಎಡ ಚಕ್ರಕ್ಕೆ ಹೋಗುವ ಬ್ರೇಕಿನ ರಬ್ಬರ್ ಪೈಪು ಒಡೆದು ಎಣ್ಣೆಯೆಲ್ಲ ಹೊರಗೆ ಹೋಗಿದ್ದು ಕಂಡಿತು. ಆದರೆ ಆ ವ್ಯಾನಿಗೆ ಜೂನ್ 29ರಂದು, ಅಂದರೆ ಹತ್ತೊಂಬತ್ತು ದಿನ ಮುಂಚೆ, ವಾರ್ಷಿಕ ಅರ್ಹತಾ ಪತ್ರ ಸಿಕ್ಕಿತ್ತು. ಅದರಲ್ಲಿ ಬ್ರೇಕ್ ಸರಿ ಇದೆ ಎಂದು ಸರ್ಕಾರದ ಮೊಹರಿತ್ತು. ಆದ್ದರಿಂದ ತಪಾಸಣೆಯ ದಿನ ಗಾಡಿ ಸರಿ ಇತ್ತು, ಆಮೇಲೆ ಚಾಲಕ ಅದನ್ನು ಹಾಳುಗೆಡವಿದ್ದಾನೆ, ಅವನ ನಿರ್ಲಕ್ಷ್ಯವೇ ಕಾರಣ ಎಂದು ಪ್ರಕರಣ ದಾಖಲಾಯಿತು. ಆ ಪತ್ರವೇ ಏಕನಾಥನ ವಿರುದ್ಧದ ಮುಖ್ಯ ಸಾಕ್ಷಿ.

ಏಕನಾಥ ಮೊದಲ ದಿನದಿಂದ ಹೇಳುತ್ತಿರುವುದು ಒಂದೇ. ಅರ್ಹತಾ ಪತ್ರ ಕೊಡುವ ಸಾರಿಗೆ ಇಲಾಖೆಯ ತಪಾಸಣಾ ಮೈದಾನದಲ್ಲಿ ಯಾರೂ ಗಾಡಿಯ ಕೆಳಗೆ ನೋಡಲಿಲ್ಲ. ಗಾಡಿಯ ಚೌಕಟ್ಟಿನಲ್ಲಿ ಕೊರೆದ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಛಾಪು ತೆಗೆದರು, ನೋಂದಣಿ ಪುಸ್ತಕದ ನಂಬರಿಗೆ ಹೊಂದಿಸಿ ನೋಡಿದರು, ಮೊಹರು ಒತ್ತಿದರು. ಇದನ್ನು ಪೊಲೀಸರು ನಂಬಲಿಲ್ಲ. ನಾನೂ ಅರ್ಧ ಮಾತ್ರ ನಂಬಿದೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಅಪಘಾತದ ದಿನ ಬೆಳಿಗ್ಗೆ 10 ಗಂಟೆ 20ಕ್ಕೆ ಆಸ್ಪತ್ರೆಯ ಕಾರಿಡಾರಿನಲ್ಲಿ ಮಕ್ಕಳ ತಂದೆತಾಯಿಯರೂ ಸೇರಿ ಸುಮಾರು ಹನ್ನೊಂದು ಮಂದಿಯ ಎದುರಿಗೆ ನಾನು ಏಕನಾಥನಿಗೆ ಬೈದೆ. ರಬ್ಬರ್ ಪೈಪು ಒಂದೇ ದಿನದಲ್ಲಿ ಒಡೆಯುವುದಿಲ್ಲ, ಮೊದಲು ಬಿರುಕು ಬಿಡುತ್ತದೆ, ದಿನಾ ಬೆಳಿಗ್ಗೆ ನೋಡುವವನಿಗೆ ಕಂಡೇ ಕಾಣುತ್ತದೆ, ನಾನಾಗಿದ್ದರೆ ನೋಡಿರುತ್ತಿದ್ದೆ, ನೀನು ನೋಡಿಲ್ಲ ಎಂದೆ. ಅವನ ಹಣೆಯಲ್ಲಿ ಬ್ಯಾಂಡೇಜ್ ಇತ್ತು. ಅವನು ಗೋಡೆಗೆ ಒರಗಿ ಕೆಳಗೆ ಕುಳಿತುಬಿಟ್ಟ.

ನಾಲ್ಕನೆಯ ದಿನ ಅವನಿಗೆ ಜಾಮೀನು ಸಿಕ್ಕಿತು. ಲೈಸೆನ್ಸ್ ಠಾಣೆಯಲ್ಲಿ, ವ್ಯಾನ್ ಠಾಣೆಯ ಹಿತ್ತಲಿನಲ್ಲಿ. ಆಗಸ್ಟ್ 6, ಭಾನುವಾರ ಸಂಜೆ 4 ಗಂಟೆಗೆ ನಾನು ಅವನ ಮನೆಗೆ ಹೋದೆ. ಆಗಸ್ಟ್ 14ರ ಸೋಮವಾರ ಆರೋಪ ಪಟ್ಟಿ ನ್ಯಾಯಾಲಯಕ್ಕೆ ಹೋಗುತ್ತದೆ, ತಪ್ಪೊಪ್ಪಿಕೊಂಡರೆ ಬೇಗ ಮುಗಿಯುತ್ತದೆ ಎಂದು ವಕೀಲರು ಹೇಳಿದ್ದಾರಂತೆ. ಒಪ್ಪಿಕೊಂಡರೆ ಲೈಸೆನ್ಸ್ ಹೋಗುತ್ತದೆ, ಮಗುವಿನ ಕಾಲು ಮುರಿದವನು ಎಂಬ ಹೆಸರು ಉಳಿಯುತ್ತದೆ, ಮುಂದೆ ಯಾರೂ ಅವನ ಗಾಡಿಗೆ ಮಕ್ಕಳನ್ನು ಹತ್ತಿಸುವುದಿಲ್ಲ ಎಂದು ನಾನು ವಾದಿಸಿದೆ. ಅದಕ್ಕೆ ಅವನು, “ನೀವೇ ಅಂದ್ರಲ್ರಿ ಉಸ್ತಾದ್‌ಜಿ, ನೋಡಿದ್ರ ಕಾಣ್ತಿತ್ತು ಅಂತ. ನಾ ದಿನಾ ನೋಡ್ತಿದ್ದೆ ಅಂತ ತಿಳ್ಕೊಂಡಿದ್ದೆ. ಖರೇ ಅಂದ್ರ ನೋಡಿಲ್ಲೇನೊ. ಒಪ್ಕೊಂಡು ಬಿಡ್ತೀನ್ರಿ, ಮುಗೀತದ” ಎಂದ.

ಆ ಮಾತು ನನಗೆ ಸಹಿಸಲಾಗಲಿಲ್ಲ. ಪೊಲೀಸರು ಅವನನ್ನು ಒಪ್ಪಿಸಿರಲಿಲ್ಲ, ನಾನು ಒಪ್ಪಿಸಿದ್ದೆ. ಅವನು ಹೇಳುತ್ತಿರುವುದು ನಿಜವೋ ಸುಳ್ಳೋ ಎಂದು ನಾನೇ ನೋಡಬೇಕೆಂದು ಅಲ್ಲಿಯೇ ತೀರ್ಮಾನ ಮಾಡಿದೆ. ನನ್ನ ವ್ಯಾನಿನ ಅರ್ಹತಾ ಪತ್ರದ ಅವಧಿ ಆಗಸ್ಟ್ 19ಕ್ಕೆ ಮುಗಿಯುವುದಿತ್ತು. ಹೇಗೂ ಅದೇ ಮೈದಾನಕ್ಕೆ ಹೋಗಬೇಕಿತ್ತು.

ಇಲ್ಲಿ ನಮ್ಮ ದಳದ ಒಂದು ಪದ್ಧತಿಯನ್ನು ಹೇಳಬೇಕು. ಹೊಸ ಹುಡುಗರಿಗೆ ಗಾಡಿ ತಪಾಸಣೆ ಕಲಿಸುವಾಗ ಉಸ್ತಾದನು ಹಿಂದಿನ ದಿನವೇ ಗಾಡಿಯಲ್ಲಿ ಬೇಕೆಂದೇ ಕೆಲವು ದೋಷ ಇಡುತ್ತಾನೆ. ಒಂದು ಬಲ್ಬು ತೆಗೆಯುವುದು, ಒಂದು ತಂತಿ ಕಳಚುವುದು, ಹೀಗೆ. ಇಟ್ಟ ದೋಷಗಳನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಮೂರನೆಯವನ ಕೈಗೆ ಕೊಡುತ್ತಾನೆ. ಹುಡುಗರು ಹುಡುಕಿ ಮುಗಿಸಿದ ಮೇಲೆ ಲಕೋಟೆ ಒಡೆಯುತ್ತಾರೆ. ಆಮೇಲೆ ಯಾರೂ ಮಾತು ಬದಲಿಸುವ ಹಾಗಿಲ್ಲ, ಉಸ್ತಾದನೂ ಸೇರಿ. ನಾನು ಹದಿಮೂರು ವರ್ಷ ಈ ಕೆಲಸ ಮಾಡಿದ್ದೇನೆ. ಸಿವಿಲ್ ಜನರ ಮೇಲೆ ಇದನ್ನು ಪ್ರಯೋಗಿಸಬಹುದೇ ಎಂದು ಬೋಜಮ್ಮ ಕೇಳಿದಳು. ಸರ್ಕಾರದ ಸಂಬಳ ತಿನ್ನುವ ಎಲ್ಲರ ಮೇಲೂ ಪ್ರಯೋಗಿಸಬಹುದು ಎಂದೆ.

ಆಗಸ್ಟ್ 9, ಬುಧವಾರ ಸಂಜೆ 5 ಗಂಟೆ 30ರಿಂದ 6 ಗಂಟೆ 25ರವರೆಗೆ ನನ್ನ ವ್ಯಾನಿನಲ್ಲಿ, ನಂಬರಿನ ಕೊನೆಯ ನಾಲ್ಕು ಅಂಕಿ 4417, ನನ್ನ ಕೈಯಾರೆ ಐದು ದೋಷ ಇಟ್ಟೆ. ಹಿಂದಿನ ಬಲಗಾಲಿಯ ಬ್ರೇಕನ್ನು ಪೂರ್ತಿ ಸಡಿಲಿಸಿ ಹಿಡಿಯದ ಹಾಗೆ ಮಾಡಿದೆ. ಹ್ಯಾಂಡ್ ಬ್ರೇಕಿನ ತಂತಿ ಕಳಚಿದೆ. ಹಿಂಬದಿಯ ಎಡ ಬ್ರೇಕ್ ದೀಪದ ಬಲ್ಬು ತೆಗೆದೆ. ಸ್ಪೀಡೋಮೀಟರಿನ ತಂತಿ ಬಿಚ್ಚಿದೆ. ಬೆಂಕಿ ಆರಿಸುವ ಸಿಲಿಂಡರ್ ಇಡುವ ಜಾಗದಲ್ಲಿ ಖಾಲಿ ಸಿಲಿಂಡರ್ ಇಟ್ಟೆ. ಇವುಗಳಲ್ಲಿ ಯಾವುದನ್ನೂ ಹುಡುಕಲು ಜಾಣತನ ಬೇಡ, ನೋಡಿದರೆ ಸಾಕು. ಮರುದಿನ ಗುರುವಾರ ರಕ್ಷಾಬಂಧನಕ್ಕೆ ಸೇರಿಸಿ ಶಾಲೆಗೆ ರಜೆ ಇತ್ತು. ದೋಷ ಇಟ್ಟ ಮೇಲೆ ನನ್ನ ಗಾಡಿಯಲ್ಲಿ ಒಂದು ಮಗುವನ್ನೂ ಕೂರಿಸಿಲ್ಲ.

ಅದೇ ದಿನ ಸಂಜೆ 7 ಗಂಟೆ 15ಕ್ಕೆ ಅಂಟಿಸಿದ ಲಕೋಟೆ ಹಿಡಿದು ದೇವೇಂದ್ರಪ್ಪನವರ ಮನೆಗೆ ಹೋದೆ. ಅವರ ಮನೆ ನನ್ನ ಮನೆಯಿಂದ ನಾಲ್ಕು ಬ್ಲಾಕ್ ಆಚೆ, ಎರಡನೆಯ ಮಹಡಿ. ಏಕನಾಥನ ಪರ ಮಾತಾಡುವುದಿದ್ದರೆ ಒಳಗೆ ಬರುವುದು ಬೇಡ ಮೊಣ್ಣಯ್ಯನವರೇ, ಮಗಳು ಮೂರು ವಾರದಿಂದ ನಿದ್ದೆ ಮಾಡಿಲ್ಲ ಎಂದು ಅವರು ಬಾಗಿಲಲ್ಲೇ ಹೇಳಿದರು. ನಾನು ಯಾರ ಪರವೂ ಅಲ್ಲ, ಈ ಲಕೋಟೆಯನ್ನು ಒಡೆಯದೆ ಎರಡು ದಿನ ಇಟ್ಟುಕೊಳ್ಳಿ ಎಂದಷ್ಟೇ ಕೇಳಿದೆ. ಒಳಗೆ ಏನಿದೆ ಎಂದು ಹೇಳಲಿಲ್ಲ, ಹೇಳಿದರೆ ಪದ್ಧತಿ ಕೆಡುತ್ತದೆ. ಅವರು ಬಾಗಿಲು ಹಾಕುವುದರಲ್ಲಿದ್ದರು. ಆಗ ಒಳಗಿನ ಮಂಚದಿಂದ ಅಮೂಲ್ಯ, “ಅಪ್ಪಾ, ಏಕನಾಥ್ ಭಯ್ಯಾ ನೇ ಬ್ರೇಕ್ ದಬಾಯಾ ಥಾ. ನಾನು ನೋಡಿದೆ. ದೋ ಬಾರ್. ಪೆಡಲ್ ಪೂರಾ ನೀಚೆ ಹೋಯ್ತು” ಎಂದಳು. ಏಕನಾಥ ಎರಡು ಸಲ ಬ್ರೇಕ್ ಒತ್ತಿದ, ಪೆಡಲ್ ಪೂರ್ತಿ ಕೆಳಗೆ ಹೋಯಿತು ಎಂದು ಅದರ ಅರ್ಥ. ತಾಯಿ ಶಾರದಾ ಅವರು ಸುಮ್ಮನಿರು ಪುಟ್ಟಿ ಎಂದರು. ಮಗಳು ಸುಮ್ಮನಿರಲಿಲ್ಲ, “ಸಚ್ಚೀ”, ನಿಜವಾಗಿಯೂ, ಎಂದಳು. ದೇವೇಂದ್ರಪ್ಪನವರು ಕೈ ಚಾಚಿ ಲಕೋಟೆ ತೆಗೆದುಕೊಂಡು, ಮೇಲೆ ತಮ್ಮ ಸಹಿ ಹಾಕಿ ಸಮಯ ಬರೆದರು. ಗುಮಾಸ್ತರ ಅಭ್ಯಾಸ, ಒಳ್ಳೆಯದೇ ಆಯಿತು.

ಆಗಸ್ಟ್ 10, ಗುರುವಾರ ಬೆಳಿಗ್ಗೆ 6 ಗಂಟೆ 40ಕ್ಕೆ ಒಬ್ಬನೇ ಹೊರಟೆ. ಮೈದಾನ ಮನೆಯಿಂದ ಹದಿನಾಲ್ಕು ಕಿಲೋಮೀಟರ್. ಸ್ಪೀಡೋಮೀಟರ್ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ವೇಗ ಎಷ್ಟಿತ್ತೆಂದು ಹೇಳಲಾರೆ. ಹದಿನಾಲ್ಕು ಕಿಲೋಮೀಟರಿಗೆ ಐವತ್ತೆರಡು ನಿಮಿಷ ಹಿಡಿಯಿತು, ಲೆಕ್ಕ ನೀವೇ ಹಾಕಿಕೊಳ್ಳಬಹುದು. ಲಾರಿಯವರು ಹಿಂದಿನಿಂದ ಹಾರ್ನ್ ಹೊಡೆದು ಬಾಯಿಗೆ ಬಂದದ್ದು ಬೈದರು. ಅರ್ಹತೆಯಿಲ್ಲದ ಗಾಡಿಯನ್ನು ಗೊತ್ತಿದ್ದೂ ರಸ್ತೆಗೆ ಇಳಿಸುವುದು ಅಪರಾಧ ಎಂಬುದು ನನಗೆ ತಿಳಿದಿದೆ. ಆ ಅಪರಾಧ ಮಾಡಿದ್ದೇನೆ.

ಗೇಟಿನ ಬಳಿ ಒಬ್ಬ ಏಜೆಂಟ್ ನನ್ನನ್ನು ತಡೆದು, ಗಾಡಿಯನ್ನು ಯಾಕೆ ತಂದಿರಿ ಅಂಕಲ್, ಕಾಗದ ಕಳುಹಿಸಿದ್ದರೆ ಸಾಕಿತ್ತಲ್ಲ ಎಂದು ಹಿಂದಿಯಲ್ಲಿ ಕೇಳಿದ. ಗಾಡಿ ತಪಾಸಣೆಗೆ ಗಾಡಿ ತರದೆ ಮದುವೆ ದಿಬ್ಬಣ ತರಬೇಕಿತ್ತೇ ಎಂದು ಕೇಳಿದೆ. ಅವನು ನಕ್ಕು ದಾರಿ ಬಿಟ್ಟ. ಯಾರೂ ನನ್ನಿಂದ ದುಡ್ಡು ಕೇಳಲಿಲ್ಲ, ನಾನು ಕೊಡಲೂ ಇಲ್ಲ. ಇದು ಲಂಚದ ದೂರು ಅಲ್ಲ ಎಂದು ಸ್ಪಷ್ಟವಾಗಿ ಬರೆಯುತ್ತಿದ್ದೇನೆ.

ನನ್ನ ಮುಂದೆ ಇಪ್ಪತ್ತಮೂರು ಗಾಡಿಗಳಿದ್ದವು. ಸರದಿ ಬಂದಾಗ 10 ಗಂಟೆ 47 ನಿಮಿಷ. ಗಾಡಿಯ ಅಡಿಗೆ ಇಳಿದು ನೋಡಲು ಕಟ್ಟಿಸಿದ ಗುಂಡಿಯಲ್ಲಿ ಮೊಣಕಾಲುದ್ದ ಮಳೆನೀರು ನಿಂತಿತ್ತು. ಅದರಲ್ಲಿ ಪ್ಲಾಸ್ಟಿಕ್ ಚಹಾ ಲೋಟಗಳು ತೇಲುತ್ತಿದ್ದವು. ಬ್ರೇಕ್ ಪರೀಕ್ಷೆ ಮಾಡುವ ಯಂತ್ರಕ್ಕೆ ಟಾರ್ಪಾಲ್ ಹೊದಿಸಿತ್ತು, ಅದರ ಮೇಲೆ ಹೋದ ವರ್ಷದ ವಿಶ್ವಕರ್ಮ ಪೂಜೆಯ ಚೆಂಡುಹೂವಿನ ಹಾರ ಒಣಗಿ ಕಪ್ಪಾಗಿತ್ತು. ಪೂಜೆಯ ನಂತರ ಅದನ್ನು ಯಾರೂ ಮುಟ್ಟಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ತಪಾಸಣೆ ಅಧಿಕಾರಿಗೆ ಸುಮಾರು ನಲವತ್ತು ವರ್ಷ, ಸೌಮ್ಯ ಮನುಷ್ಯ. ನಾನು ಮಾಜಿ ಸೈನಿಕ ಎಂದು ತಿಳಿದು ನಮಸ್ಕಾರ ಮಾಡಿದರು. ಅವರ ಸಹಾಯಕ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ. ಅಧಿಕಾರಿ ನಂಬರ್ ಹೊಂದಿಸಿ ನೋಡಿ, ನಮೂನೆಯ ಹದಿನೇಳು ಕಲಮುಗಳಿಗೂ ಸೇರಿಸಿ ಮೇಲಿನಿಂದ ಕೆಳಗೆ ಒಂದೇ ಗೆರೆ ಎಳೆದು, ಸರಿ ಇದೆ ಎಂದು ಬರೆದು, ಮೊಹರು ಒತ್ತಿದರು. ಗಡಿಯಾರ ನೋಡಿದೆ. 10 ಗಂಟೆ 51 ನಿಮಿಷ. ಏಕನಾಥ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು.

ನಾನು ಪತ್ರ ತೆಗೆದುಕೊಂಡು ಹೊರಡಲಿಲ್ಲ. ಸಾಹೇಬರೇ, ಇನ್ನೊಮ್ಮೆ ನೋಡಿ ಎಂದೆ. ಅವರು ಎಲ್ಲ ಸರಿ ಇದೆ, ಹೋಗಿ ಬನ್ನಿ ಎಂದರು. ಹ್ಯಾಂಡ್ ಬ್ರೇಕ್ ಒಮ್ಮೆ ಎಳೆದು ನೋಡಿ ಎಂದೆ. ಹಿಂದೆ ಸಾಲಿದೆ ಎಂದರು. ಮೂರನೆಯ ಸಲ, ದಯವಿಟ್ಟು ನನ್ನ ಗಾಡಿಯನ್ನು ಫೇಲ್ ಮಾಡಿ ಎಂದೆ. ಅವರು ಕುರ್ಚಿಯಿಂದ ಎದ್ದು, “ಸುಬೇದಾರ್ ಸಾಹಬ್, ಲೋಗ್ ಯಹಾಂ ಪಾಸ್ ಹೋನೇ ಆತೇ ಹೈಂ. ಫೇಲ್ ಹೋನೇ ಕೌನ್ ಆತಾ ಹೈ?” ಎಂದು ಕೇಳಿದರು. ಜನ ಇಲ್ಲಿಗೆ ಪಾಸಾಗಲು ಬರುತ್ತಾರೆ, ಫೇಲಾಗಲು ಯಾರು ಬರುತ್ತಾರೆ ಎಂಬುದು ಅವರ ಪ್ರಶ್ನೆ. ಫೇಲಾಗಲೆಂದೇ ಬಂದವನು ನಾನು ಎಂದೆ.

ಆಮೇಲೆ ನಾನು ಎಂಜಿನ್ ನಿಲ್ಲಿಸಿ, ಕೀಲಿ ಕಿಸೆಗೆ ಹಾಕಿ, ಗಾಡಿಯ ಪಕ್ಕದಲ್ಲಿ ನಿಂತೆ. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ನಾನು ನಲವತ್ತು ನಿಮಿಷ ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದೆ ಎಂದು ಮೈದಾನದವರು ಈ ಠಾಣೆಗೆ ದೂರು ಕೊಟ್ಟಿರುವುದಾಗಿ ತಿಳಿಯಿತು. ನಲವತ್ತಲ್ಲ, ಇಪ್ಪತ್ತೆರಡು ನಿಮಿಷ. ಅಡ್ಡಿ ಮಾಡಿದ್ದು ನಿಜ. ಅಲ್ಲಿ ಯಾವ ಕೆಲಸ ನಡೆಯುತ್ತಿತ್ತು ಎಂಬುದನ್ನು ಮೇಲೆ ಬರೆದಿದ್ದೇನೆ.

ಆ ಇಪ್ಪತ್ತೆರಡು ನಿಮಿಷದಲ್ಲಿ ಅಧಿಕಾರಿ ಹೇಳಿದ ಒಂದು ಮಾತನ್ನು ಬಿಡದೆ ಬರೆಯಬೇಕು. ತಾನು ಒಬ್ಬನೇ, ದಿನಕ್ಕೆ ನೂರ ನಲವತ್ತು ಗಾಡಿ, ಪ್ರತಿಯೊಂದರ ಕೆಳಗೂ ತೂರಿದರೆ ಹತ್ತನ್ನೂ ಮುಗಿಸಲಾರೆ, ಮೇಲಿನವರು ನೂರ ನಲವತ್ತನ್ನೇ ಕೇಳುತ್ತಾರೆ ಎಂದರು. ಅದರಲ್ಲಿ ನಿಜವಿದೆ, ಆ ಮನುಷ್ಯನ ಮೇಲೆ ನನಗೆ ದ್ವೇಷವಿಲ್ಲ. ಹಾಗಾದರೆ ನೋಡಿಲ್ಲ ಎಂದು ಬರೆಯಿರಿ, ನೋಡಿ ಸರಿ ಇದೆ ಎಂದು ಯಾಕೆ ಬರೆಯುತ್ತೀರಿ, ಆ ಒಂದು ಗೆರೆಯ ಮೇಲೆ ಒಬ್ಬ ಡ್ರೈವರ್ ಕೋರ್ಟಿಗೆ ಹೋಗುತ್ತಿದ್ದಾನೆ ಎಂದೆ. ಅವರು ಮುಂದಿನ ಗಾಡಿಯ ಕಾಗದ ಕೈಗೆತ್ತಿಕೊಂಡರು. 11 ಗಂಟೆ 13ಕ್ಕೆ ನಾನು ಗಾಡಿ ತೆಗೆದೆ.

ಅಲ್ಲಿಂದ ನೇರ ಈ ಠಾಣೆಗೆ ಬಂದೆ. 12 ಗಂಟೆ 25ಕ್ಕೆ ಧರಮ್‌ಬೀರ್ ಅವರ ಮೇಜಿನ ಮೇಲೆ ಕೀಲಿ ಮತ್ತು ಹೊಸ ಅರ್ಹತಾ ಪತ್ರ ಎರಡನ್ನೂ ಇಟ್ಟು, ನನ್ನ ಮೇಲೆ ಪ್ರಕರಣ ದಾಖಲಿಸಿ ಎಂದೆ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ತನ್ನ ಮೇಲೆ ತಾನೇ ಕೇಸ್ ಹಾಕಿಸಿಕೊಳ್ಳಲು ಬಂದವರನ್ನು ನೋಡಿರಲಿಲ್ಲ ಎಂದು ಅವರು ನಕ್ಕರು. ಪೂರ್ತಿ ಕೇಳಿದ ಮೇಲೆ ನಗಲಿಲ್ಲ. ದೇವೇಂದ್ರಪ್ಪನವರ ಕಚೇರಿಗೆ ಫೋನ್ ಮಾಡಿಸಿದರು. ಅವರು ಅರ್ಧ ದಿನ ರಜೆ ಹಾಕಿ, ಮನೆಗೆ ಹೋಗಿ, ಲಕೋಟೆ ತೆಗೆದುಕೊಂಡು 3 ಗಂಟೆ 15ಕ್ಕೆ ಠಾಣೆಗೆ ಬಂದರು. ಅಂಟು ಹಾಗೇ ಇದೆ, ಸಹಿ ತನ್ನದೇ ಎಂದು ಹೇಳಿ ಅವರೇ ಒಡೆದರು. ಐದು ದೋಷಗಳ ಪಟ್ಟಿಯನ್ನು ಓದಿ, ಎರಡನೆಯ ಸಲ ಓದಿ, ಪಾಸಾದ ಪತ್ರದ ಪಕ್ಕದಲ್ಲಿಟ್ಟರು. ಗಾಡಿಯನ್ನು ಪೊಲೀಸ್ ಮೋಟಾರ್ ಪರೀಕ್ಷಕರಿಂದ ನೋಡಿಸಬೇಕು, ಅವರಿಗೆ ಪಟ್ಟಿ ತೋರಿಸಬಾರದು ಎಂದು ನಾನು ಕೇಳಿಕೊಂಡೆ, ಧರಮ್‌ಬೀರ್ ಅವರು ಒಪ್ಪಿದರು. ಆ ಹೊತ್ತಿನಲ್ಲಿ ನಾನು ಗೆದ್ದೆ ಎಂದೇ ತಿಳಿದಿದ್ದೆ. ಮನೆಗೆ ಹೋಗಿ ಬೋಜಮ್ಮನಿಗೆ ಹಾಗೆಯೇ ಹೇಳಿದೆ ಕೂಡ.

ಇಂದು, ಆಗಸ್ಟ್ 11, ಶುಕ್ರವಾರ ಬೆಳಿಗ್ಗೆ 10 ಗಂಟೆ 30ಕ್ಕೆ ಠಾಣೆಯಿಂದ ಮುನ್ನೂರು ಮೀಟರ್ ದೂರದ ಗ್ಯಾರೇಜಿನ ರ‍್ಯಾಂಪಿನ ಮೇಲೆ ಗಾಡಿ ಹತ್ತಿಸಿದರು. ನಾನು, ದೇವೇಂದ್ರಪ್ಪನವರು, ಧರಮ್‌ಬೀರ್ ಅವರು ಹಾಜರಿದ್ದೆವು. ಪರೀಕ್ಷಕರು ಮಾತು ಕಡಿಮೆಯ ಮನುಷ್ಯ. ನಲವತ್ತು ನಿಮಿಷದಲ್ಲಿ ನಾನಿಟ್ಟ ಐದೂ ದೋಷಗಳನ್ನು ಒಂದೊಂದಾಗಿ ಹೇಳಿದರು. ಮುಗಿಯಿತು ಎಂದು ನಾನು ಬಟ್ಟೆಯಲ್ಲಿ ಕೈ ಒರೆಸಿಕೊಂಡೆ. ಅವರು ಮುಗಿಸಲಿಲ್ಲ. ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಟಾರ್ಚ್ ಹಿಡಿದು, ಮುಂದಿನ ಎಡಗಾಲಿಯ ಒಳಬದಿಗೆ ತಲೆ ಹಾಕಿದರು. ಆಮೇಲೆ ನನ್ನನ್ನು ಕರೆದು ಬೆರಳಿಟ್ಟು ತೋರಿಸಿದರು.

ಬ್ರೇಕಿನ ರಬ್ಬರ್ ಪೈಪಿನ ಒಳಮೈಯಲ್ಲಿ, ಬಾಗುವ ಜಾಗದಲ್ಲಿ, ಹನ್ನೊಂದು ಮಿಲಿಮೀಟರ್ ಉದ್ದದ ಬಿರುಕು. ಒಳಗಿನ ನೂಲು ಕಾಣುತ್ತಿತ್ತು. ಇದು ನಾನು ಇಟ್ಟದ್ದಲ್ಲ. ಎಷ್ಟು ಹಳೆಯದು ಎಂದು ಕೇಳಿದೆ. ಮೂರು ತಿಂಗಳಿಗೆ ಕಡಿಮೆಯಿಲ್ಲ, ಇನ್ನೊಂದು ತಿಂಗಳು ತಡೆಯುತ್ತಿತ್ತೋ ಇಲ್ಲವೋ ಹೇಳಲಾಗುವುದಿಲ್ಲ ಎಂದರು.

ಪಕ್ಕದಲ್ಲಿದ್ದ ಟಯರಿನ ಮೇಲೆ ಕುಳಿತೆ. ಜುಲೈ 3ಕ್ಕೆ ಶಾಲೆ ತೆರೆದಾಗಿನಿಂದ ಈ ವಾರದ ರಜೆಯವರೆಗೆ, ದಿನಕ್ಕೆ ಇಪ್ಪತ್ತಾರು ಕಿಲೋಮೀಟರ್, ಎಂಟು ಮಕ್ಕಳು. ಏಕನಾಥನ ಗಾಡಿಯಲ್ಲಿ ಒಡೆದದ್ದೂ ಇದೇ ಪೈಪು, ಇದೇ ಗಾಲಿ, ಇದೇ ಬಾಗು.

ಯಾಕೆ ಕಾಣಲಿಲ್ಲ ಎಂಬುದನ್ನು ವಿವರವಾಗಿ ಬರೆಯುತ್ತೇನೆ. ನಾನು ದಿನಾ ಬೆಳಿಗ್ಗೆ 5 ಗಂಟೆ 40ಕ್ಕೆ ಗಾಡಿ ನೋಡುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ. ಗಾಡಿ ನಿಲ್ಲಿಸುವ ಜಾಗ ಕಾಂಪೌಂಡ್ ಗೋಡೆಗೂ ಬೇವಿನ ಮರಕ್ಕೂ ನಡುವೆ, ಇಕ್ಕಟ್ಟು. ಚಕ್ರ ನೇರವಾಗಿಯೇ ಇರುತ್ತದೆ. ನೇರವಿದ್ದಾಗ ಆ ಬಾಗು ಒಳಗೆ ಅಡಗಿರುತ್ತದೆ, ಪೂರ್ತಿ ತಿರುಗಿಸಿದರೆ ಮಾತ್ರ ಕಾಣುತ್ತದೆ. ಮಿಲಿಟರಿ ಲಾರಿಗಳಲ್ಲಿ ಗಾಡಿಯಡಿ ಮಲಗಿದರೆ ಎಲ್ಲವೂ ಕಾಣುತ್ತಿತ್ತು, ತಿರುಗಿಸುವ ಪ್ರಶ್ನೆ ಬಂದಿರಲಿಲ್ಲ. ಆ ಅಭ್ಯಾಸವನ್ನೇ ಈ ಸಣ್ಣ ವ್ಯಾನಿಗೂ ತಂದೆ. ಏಕನಾಥನಿಗೆ ಬೆಳಗಿನ ತಪಾಸಣೆ ಕಲಿಸಿದವನು ನಾನು. ಚಕ್ರ ನೇರ ಇಟ್ಟು ನೋಡುವುದನ್ನೇ ಕಲಿಸಿದೆ. ಅವನು ನಾನು ಕಲಿಸಿದಂತೆ ದಿನಾ ನೋಡಿದ್ದಾನೆ, ದಿನಾ ಅವನಿಗೆ ಕಂಡಿಲ್ಲ.

ದೇವೇಂದ್ರಪ್ಪನವರು ನನ್ನ ಪಕ್ಕಕ್ಕೆ ಬಂದು, “ಇದು ನಿಮಗೇ ಕಾಣ್ಲಿಲ್ವಾ ಮೊಣ್ಣಯ್ಯನವ್ರೇ?” ಎಂದು ಕೇಳಿದರು. ಇಲ್ಲ ಎಂದೆ. ಅವರು ಇನ್ನೊಮ್ಮೆ ಅದನ್ನೇ ಕೇಳಿದರು, ನಾನು ಇನ್ನೊಮ್ಮೆ ಇಲ್ಲ ಎಂದೆ. ಅವರು ಹೊರಗೆ ಹೋಗಿ ಹದಿನೈದು ನಿಮಿಷ ರಸ್ತೆ ನೋಡುತ್ತ ನಿಂತಿದ್ದರು. ತಿರುಗಿ ಬಂದು ಧರಮ್‌ಬೀರ್ ಅವರಿಗೆ, ದೂರನ್ನು ತಾನು ವಾಪಸು ತೆಗೆದುಕೊಳ್ಳುವುದಿಲ್ಲ, ಮಗಳ ಕಾಲು ಮುರಿದದ್ದು ಮುರಿದದ್ದೇ, ಆದರೆ ದೂರು ಯಾರ ಮೇಲೆ ಎಂಬುದು ಬದಲಾಗಬೇಕು, ಅದಕ್ಕೆ ಪ್ರತ್ಯೇಕ ಹೇಳಿಕೆ ಕೊಡುತ್ತೇನೆ ಎಂದರು.

ಗ್ಯಾರೇಜಿನಿಂದಲೇ ನಾನು ಎಂಟು ಮಕ್ಕಳ ಮನೆಗೂ ಫೋನ್ ಮಾಡಿ ವಿಷಯ ಹೇಳಿದೆ. ಐದು ಮನೆಯವರು ಸೋಮವಾರದಿಂದ ಬೇರೆ ವ್ಯಾನ್ ನೋಡುತ್ತೇವೆ ಎಂದರು. ಅವರದು ತಪ್ಪಲ್ಲ.

ಇಷ್ಟು ಬರೆದಾಗ ದಕ್ಷಿಣಾಮೂರ್ತಿಯವರು ನನ್ನ ಕೈ ಹಿಡಿದು, ಆರನೆಯ ದೋಷದ ಮಾತು ಬಿಟ್ಟುಬಿಡಿ, ಮೈದಾನದವರ ತಪ್ಪು ತೋರಿಸಲು ಐದೇ ಸಾಕು, ಆರನೆಯದನ್ನು ಬರೆದರೆ ನಿಮ್ಮ ಮಾತಿನ ತೂಕ ಹೋಗುತ್ತದೆ, ಎದುರು ವಕೀಲರು ನಿಮ್ಮನ್ನೇ ಹುರಿದು ಮುಕ್ಕುತ್ತಾರೆ ಎಂದು ಸಲಹೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಬಿಡುವುದಿಲ್ಲ. ಐದು ದೋಷ ತೋರಿಸುವುದು ಮೈದಾನದವರು ನೋಡಲಿಲ್ಲ ಎಂಬುದನ್ನು ಮಾತ್ರ. ಆರನೆಯದು ತೋರಿಸುವುದು, ಡ್ರೈವರ್ ಎಷ್ಟೇ ನೋಡಿದರೂ ಕಾಣದೆ ಉಳಿಯುವುದು ಇರುತ್ತದೆ ಎಂಬುದನ್ನು. ಅದಕ್ಕಾಗಿಯೇ ವರ್ಷಕ್ಕೊಮ್ಮೆ ಬೇರೊಬ್ಬರು, ಬೇರೆ ಕಣ್ಣಿನಿಂದ, ಗುಂಡಿಗೆ ಇಳಿದು ನೋಡಬೇಕು ಎಂದು ಕಾನೂನು ಮಾಡಿದ್ದಾರೆ. ಗುಂಡಿಯಲ್ಲಿ ನೀರು ನಿಲ್ಲಿಸಿ, ಮೊಹರು ಮಾತ್ರ ಒತ್ತಿ, ಗಾಡಿ ಒಡೆದ ಮೇಲೆ ಅದೇ ಮೊಹರನ್ನು ಡ್ರೈವರ್‌ನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಎದುರು ವಕೀಲರು ನನ್ನನ್ನು ಏನು ಬೇಕಾದರೂ ಕೇಳಲಿ.

ಇಪ್ಪತ್ತೆಂಟು ವರ್ಷ ಗಾಡಿಗಳಲ್ಲೇ ಕಳೆದ ನಾನು, ದಿನಾ ನೋಡಿಯೂ, ನನ್ನ ಸ್ವಂತ ಗಾಡಿಯ ಬಿರುಕನ್ನು ಕಾಣಲಿಲ್ಲ. ನೋಡಿದ್ದರೆ ಕಾಣುತ್ತಿತ್ತು ಎಂದು ಜುಲೈ 18ರಂದು ಹನ್ನೊಂದು ಮಂದಿಯ ಎದುರಿಗೆ ಏಕನಾಥನಿಗೆ ಹೇಳಿದ ಮಾತು ಸುಳ್ಳು. ಎಲ್ಲರೆದುರು ಹೇಳಿದ್ದನ್ನು ಎಲ್ಲರೂ ಓದುವ ಹಾಗೆ ಇಲ್ಲಿ ಹಿಂತೆಗೆದುಕೊಳ್ಳುತ್ತೇನೆ. ಅರ್ಹತೆಯಿಲ್ಲದ ಗಾಡಿ ಓಡಿಸಿದ್ದಕ್ಕೂ ಮೈದಾನದಲ್ಲಿ ಅಡ್ಡಿ ಮಾಡಿದ್ದಕ್ಕೂ ನನ್ನ ಮೇಲೆ ಯಾವ ಕಲಮು ಹಾಕಬೇಕೋ ಹಾಕಿ, ಕ್ಷಮೆ ಕೇಳುವುದಿಲ್ಲ. ಗಾಡಿ, ಕೀಲಿ, ಲೈಸೆನ್ಸ್ ಠಾಣೆಯಲ್ಲಿವೆ.

ಸಹಿ ಹಾಕುವ ಮೊದಲು ಹತ್ತು ನಿಮಿಷ ಕಾಲಾವಕಾಶ ಕೇಳಿದೆ. ಏಕನಾಥನನ್ನು ಠಾಣೆಗೆ ಕರೆಸಿದ್ದರು, ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ಧರಮ್‌ಬೀರ್ ಅವರ ಎದುರಿನಲ್ಲೇ ಅವನಿಗೆ ಈ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ನನಗೆ ಕಾಣಲಿಲ್ಲ ಎಂಬ ಸಾಲು ಬಂದಾಗ, ಇನ್ನೊಮ್ಮೆ ಓದ್ರಿ ಎಂದ. ಓದಿದೆ. ಮತ್ತೊಮ್ಮೆ ಎಂದ, ಮತ್ತೊಮ್ಮೆ ಓದಿದೆ. ಅವನು ಮುಖವನ್ನು ಎರಡೂ ಕೈಯಿಂದ ಒರೆಸಿಕೊಂಡು ಎದ್ದು ನಿಂತು, “ನಾ ಒಪ್ಕೊಳ್ಳಂಗಿಲ್ರಿ. ಸೋಮವಾರ ಜಡ್ಜ್ ಸಾಹೇಬ್ರ ಮುಂದ ನಿಂತು ಹೇಳ್ತೀನಿ, ನಾ ಬ್ರೇಕ್ ಹಾಕೀನಿ, ನಾ ದಿನಾ ನೋಡೀನಿ ಅಂತ” ಎಂದ. ಇಪ್ಪತ್ತನಾಲ್ಕು ದಿನಗಳಲ್ಲಿ ಅವನು ದನಿಯೆತ್ತಿ ಮಾತಾಡಿದ್ದು ಇದೇ ಮೊದಲು.

ಇಲ್ಲಿರುವುದು ನಾನು ಕಂಡದ್ದು, ಮಾಡಿದ್ದು ಮತ್ತು ನನ್ನ ಕಣ್ಣಿಗೆ ಬೀಳದೆ ಹೋದದ್ದು. ನನ್ನ ಕೈಯಿಂದಲೇ ಬರೆದಿದ್ದೇನೆ, ಯಾವ ಸಾಲನ್ನೂ ಹೊಡೆದು ಹಾಕಿಲ್ಲ. ಕೇಳಿದ ಕಡೆ ಬಂದು ಇದನ್ನೇ ಹೇಳುತ್ತೇನೆ.

ಸ್ಥಳ: ಫರೀದಾಬಾದ್
ದಿನಾಂಕ: 11-8-2006, ಸಂಜೆ 5 ಗಂಟೆ 50 ನಿಮಿಷ

ಸಹಿ: ಕೆ. ಪಿ. ಮೊಣ್ಣಯ್ಯ, ನಿವೃತ್ತ ಸುಬೇದಾರ್

ಅನುವಾದಕರು: ದಕ್ಷಿಣಾಮೂರ್ತಿ
ಓದಿ ನೋಡಿದ ಸಾಕ್ಷಿ: ದೇವೇಂದ್ರಪ್ಪ, ಅಮೂಲ್ಯಳ ತಂದೆ